ಹೆರಿಗೆಯ ನಂತರದ ಎರಡು ಗಂಟೆ

ನನ್ನ ಚಿಕ್ಕ ಖಾಲಾ ತೀರಿಕೊಂಡಾಗ ನಾನು ಎಂಟು ವರ್ಷದವಳು. ರೋಣ ತಾಲೂಕಿನ ಒಂದು ಸಣ್ಣ ಹಳ್ಳಿ, ಸುಮಾರು 1988ರ ಮಾತು. ಗದಗ ಇನ್ನೂ ಜಿಲ್ಲೆಯಾಗಿರಲಿಲ್ಲ, ನಮ್ಮದೆಲ್ಲ ಆಗ ಧಾರವಾಡ ಜಿಲ್ಲೆಯೇ. ಖಾಲಾಗೆ ಅದು ಮೂರನೇ ಹೆರಿಗೆ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಕಸವೂ ಬಿತ್ತು. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಮಕ್ಕಳಾದ ನಮ್ಮ ಕೈಗೆ ಸಕ್ಕರೆ ಕೊಟ್ಟರು.

ಆಮೇಲೆ ನಡೆದದ್ದು ನನಗೆ ತುಂಡು ತುಂಡಾಗಿ ನೆನಪಿದೆ. ನಾನಿ ಹಳೆಯ ಸೀರೆಗಳನ್ನು ಹರಿದು ಒಳಗೆ ಕೊಡುತ್ತಿದ್ದರು. ಸೂಲಗಿತ್ತಿ ಅಜ್ಜಿ "ಹೊಲಸು ರಕ್ತ ಹೋಗ್ಲಿ ಬಿಡ್ರಿ, ಒಳಗ ಉಳಿದ್ರ ಬಾಣಂತಿಗೆ ಕೆಟ್ಟದು" ಎನ್ನುತ್ತಿದ್ದರು. ಖಾಲಾ ಎರಡು ಸಲ ನೀರು ಕೇಳಿದರು. ನಂತರ ಚಳಿ ಎಂದರು. ಅಸರ್‌ನ ಅಝಾನ್ ಆಗುವ ಹೊತ್ತಿಗೆ ಎತ್ತಿನ ಬಂಡಿ ಹೂಡುವ ಮಾತು ಬಂತು. ಬಂಡಿ ಹೂಡಿದರು. ಅದು ಹೊರಡಲಿಲ್ಲ.

ಆ ಸಾವನ್ನು ನಮ್ಮ ಮನೆಯವರು ವಿಧಿ ಎಂದರು. ಆಯುಸ್ಸು ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ದೊಡ್ಡವಳಾದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದು ಖಾಲಾಳ ದೇಹದಿಂದ ಎಷ್ಟು ರಕ್ತ ಹೋಯಿತು? ಅಮ್ಮಿಯನ್ನು ಕೇಳಿದೆ, ನಾನಿಯನ್ನು ಕೇಳಿದೆ. "ಬಹಳ ಹೋಯ್ತು" ಎಂದರು. ಬಹಳ ಎಂದರೆ ಎಷ್ಟು? ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಅಳೆದಿರಲಿಲ್ಲ. ಅಳೆಯಬೇಕಾದ ವಸ್ತು ಅದು ಎಂದು ಯಾರಿಗೂ ಹೊಳೆದಿರಲಿಲ್ಲ.

ಸಹೋದರಿಯರೇ, ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಸಂಶೋಧನೆ ನಡೆದಿದೆ. ಅದರ ಫಲ ಜಗತ್ತಿನ ಅನೇಕ ದೇಶಗಳ ತಾಯಂದಿರಿಗೆ ತಲುಪಿದೆ. ಆದರೆ ನರಗುಂದ ದಾಟಿದರೆ ಸಿಗುವ ಆ ಜಿಲ್ಲೆಯ ಈ ಸುದ್ದಿ ನಮ್ಮ ಮನೆಯ ಹೆಂಗಸರಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ. ಅದನ್ನು ತಲುಪಿಸುವುದೇ ಈ ಲೇಖನದ ಉದ್ದೇಶ.

ದೇಹದೊಳಗೆ ಏನು ನಡೆಯುತ್ತದೆ?

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷವೂ ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗುವನ್ನು ಬೆಳೆಸಲು ಅಷ್ಟು ರಕ್ತ ಬೇಕು. ಮಗು ಹುಟ್ಟಿ ಕಸ, ಅಂದರೆ ಮಾಸು, ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಂಡಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಹಾಗಾದರೆ ಪ್ರತಿಯೊಬ್ಬ ತಾಯಿಯೂ ರಕ್ತ ಹರಿದು ಸಾಯಬೇಕಿತ್ತಲ್ಲವೇ?

ಸಾಯುವುದಿಲ್ಲ. ಗರ್ಭಕೋಶದ ಸ್ನಾಯುಗಳನ್ನು ಸೃಷ್ಟಿಕರ್ತನು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಹೆಣೆದಿದ್ದಾನೆ. ಗಜೇಂದ್ರಗಡದ ಮಗ್ಗದಲ್ಲಿ ಹಾಸು ಹೊಕ್ಕು ಹೆಣೆದಂತೆ. ರಕ್ತನಾಳಗಳು ಆ ಹೆಣಿಗೆಯ ನಡುವೆ ಹಾದು ಹೋಗುತ್ತವೆ. ಮಗು ಹೊರಬಂದೊಡನೆ ಸ್ನಾಯುಗಳು ಬಿಗಿದುಕೊಂಡು ಆ ನಾಳಗಳನ್ನು ಹಿಂಡಿ ಮುಚ್ಚಿಬಿಡುತ್ತವೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಹೊಕ್ಕುಳದ ಹತ್ತಿರ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗುವುದು ಈ ಬಿಗಿದ ಗರ್ಭಕೋಶವೇ.

ಕೆಲವೊಮ್ಮೆ ಅದು ಬಿಗಿಯುವುದಿಲ್ಲ. ಮೆತ್ತಗೆ, ಹಿಟ್ಟಿನ ಉಂಡೆಯಂತೆ ಉಳಿಯುತ್ತದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವಕ್ಕೆ ಅತಿ ದೊಡ್ಡ ಕಾರಣ ಇದು. ಹತ್ತರಲ್ಲಿ ಸುಮಾರು ಏಳು ಪ್ರಕರಣಗಳು ಹೀಗೆಯೇ ಆಗುತ್ತವೆ. ಉಳಿದವುಗಳಿಗೆ ಕಸದ ತುಂಡು ಒಳಗೆ ಉಳಿಯುವುದು, ಹೆರಿಗೆಯ ದಾರಿಯಲ್ಲಿ ಹರಿದುಕೊಳ್ಳುವುದು, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವುದು ಕಾರಣಗಳು.

ಎಷ್ಟು ರಕ್ತ ಹೋದರೆ ಅಪಾಯ? ಅರ್ಧ ಲೀಟರ್ ದಾಟಿದರೆ ಅದನ್ನು ಅತಿ ರಕ್ತಸ್ರಾವ ಎಂದು, ಒಂದು ಲೀಟರ್ ದಾಟಿದರೆ ತೀವ್ರ ಎಂದು ವೈದ್ಯರು ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ. ನಮ್ಮ ಕಡೆಯ ಸಣ್ಣ ಮೈಕಟ್ಟಿನ, ಮೊದಲೇ ರಕ್ತಹೀನತೆಯಿರುವ ಹೆಣ್ಣುಮಗಳಿಗೆ ಅರ್ಧ ಲೀಟರ್ ನಷ್ಟವೇ ಭಾರವಾಗಬಹುದು. ಗರ್ಭಿಣಿಯರ ಬೇರೆ ಕೆಲವು ಕಾಯಿಲೆಗಳು ದಿನಗಳ ಕಾಲಾವಕಾಶ ಕೊಡಬಹುದು. ಇದು ಹಾಗಲ್ಲ. ಚಿಕಿತ್ಸೆ ಸಿಗದಿದ್ದರೆ ಆರೋಗ್ಯವಂತ ಹೆಣ್ಣನ್ನೂ ಎರಡು ಗಂಟೆಯೊಳಗೆ ಒಯ್ಯಬಲ್ಲ ಆಪತ್ತು ಇದು.

ಕಣ್ಣಳತೆ ಸುಳ್ಳು ಹೇಳುತ್ತದೆ

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಕೆ.ಎಲ್.ಇ. ಸಂಸ್ಥೆಗೆ ಸೇರಿದ್ದು, 1963ರಲ್ಲಿ ಸ್ಥಾಪನೆಯಾದದ್ದು. 2001ರ ಸುಮಾರಿಗೆ ಅಲ್ಲಿನ ವೈದ್ಯರಾದ ಬಿ.ಎಸ್. ಕೊಡಕಣಿ, ಶಿವಪ್ರಸಾದ ಗೌಡರ್ ಮುಂತಾದವರು ಅಮೆರಿಕದ ವೈದ್ಯ ರಿಚರ್ಡ್ ಡರ್ಮನ್ ಅವರ ತಂಡದೊಂದಿಗೆ ಸೇರಿ ಈ ವಿಷಯವನ್ನು ಕೈಗೆತ್ತಿಕೊಂಡರು. ಮೊದಲ ತೊಡಕು ನಾನು ಕೇಳಿದ ಪ್ರಶ್ನೆಯೇ ಆಗಿತ್ತು. ಹಳ್ಳಿಯ ಮನೆಯಲ್ಲಿ, ನೆಲದ ಮೇಲೆ, ಬಟ್ಟೆಗಳ ನಡುವೆ ನಡೆಯುವ ಹೆರಿಗೆಯಲ್ಲಿ ರಕ್ತವನ್ನು ಅಳೆಯುವುದು ಹೇಗೆ?

ಅವರು ಕಂಡುಕೊಂಡ ಉಪಾಯ ಬಹಳ ಸರಳ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಸರಿಸುವುದು. ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ. ಚೀಲದ ಮೇಲೆ, ಹಾಲಿನ ಅಳತೆ ಪಾತ್ರೆಗೆ ಇರುವಂತೆ, ಗೆರೆಗಳಿರುತ್ತವೆ. ರಕ್ತ ತಾನಾಗಿ ಚೀಲಕ್ಕೆ ಇಳಿಯುತ್ತದೆ. ಎಷ್ಟು ಎಂಬುದನ್ನು ಗೆರೆ ಹೇಳುತ್ತದೆ.

ಈ ಹಾಳೆಯಿಂದ ಅಳೆದು ನೋಡಿದಾಗ ಒಂದು ಸತ್ಯ ಹೊರಬಿತ್ತು. 2006ರಲ್ಲಿ ಪ್ರಕಟವಾದ ಬೆಳಗಾವಿಯ ಅಧ್ಯಯನದ ಪ್ರಕಾರ, ಅನುಭವವಿದ್ದವರು ಕಣ್ಣಿನಿಂದ ನೋಡಿ ಅಂದಾಜು ಮಾಡಿದ ರಕ್ತದ ಪ್ರಮಾಣ ನಿಜಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ತರಬೇತಿ ಪಡೆದವರ ಕಣ್ಣೇ ಹೀಗೆ ಮೋಸ ಹೋದರೆ ನನ್ನ ನಾನಿಯ ಕಣ್ಣಿನ ಪಾಡೇನು? ಹತ್ತಿ ಸೀರೆ ರಕ್ತವನ್ನು ಕುಡಿಯುತ್ತದೆ, ಮಣ್ಣಿನ ನೆಲ ಹೀರುತ್ತದೆ. ಬಟ್ಟೆ ಬದಲಿಸಿದಾಗಲೆಲ್ಲ ಹಿಂದಿನ ಲೆಕ್ಕ ಮರೆತುಹೋಗುತ್ತದೆ. ಹನಿ ಹನಿಯಾಗಿ ಎರಡು ಗಂಟೆ ಹರಿಯುವ ರಕ್ತ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಮೂರು ಮಾತ್ರೆಗಳ ಕಥೆ

ಅಳೆಯುವುದಾಯಿತು, ತಡೆಯುವುದು ಹೇಗೆ? ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಸ್ಪತ್ರೆಗಳಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಏಪ್ರಿಲ್ ಬಿಸಿಲಿನಲ್ಲಿ, ಕರೆಂಟ್ ಇಲ್ಲದ ಊರಲ್ಲಿ ಅದು ಕೈಗೆಟುಕುವ ಮಾತಾಗಿರಲಿಲ್ಲ. ಮಿಸೋಪ್ರೋಸ್ಟಾಲ್ ಎಂಬ ಮಾತ್ರೆಗೆ ಈ ತೊಂದರೆಯಿಲ್ಲ. ಕಪಾಟಿನಲ್ಲಿಡಬಹುದು, ಬಾಯಿಯಿಂದ ನುಂಗಬಹುದು, ಬೆಲೆಯೂ ಕಡಿಮೆ. ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದೇ ಪ್ರಶ್ನೆ.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷೆ ನಡೆಯಿತು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1,620 ತಾಯಂದಿರು ಇದರಲ್ಲಿ ಸೇರಿದ್ದರು. ಕೆಲಸ ನಡೆಸಿದವರು ದೊಡ್ಡ ಡಾಕ್ಟರುಗಳಲ್ಲ, 25 ಮಂದಿ ಎ.ಎನ್.ಎಂ.ಗಳು. ನಮ್ಮ ಊರಲ್ಲಿ "ನರ್ಸಮ್ಮ" ಎಂದು ಕರೆಯುತ್ತೇವಲ್ಲ, ಅವರೇ. ಮಗು ಹುಟ್ಟಿದ ಕೂಡಲೇ 812 ತಾಯಂದಿರಿಗೆ 600 ಮೈಕ್ರೋಗ್ರಾಮ್ ಔಷಧ, ಅಂದರೆ 200ರ ಮೂರು ಮಾತ್ರೆ ಕೊಟ್ಟರು. 808 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ ಕೊಟ್ಟರು. ಎಲ್ಲರ ಕೆಳಗೂ ಆ ಅಳತೆಯ ಹಾಳೆಯಿತ್ತು.

ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ ಜಗತ್ತಿನ ಹೆಸರಾಂತ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬಂತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ತಾಯಂದಿರಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧ ತೆಗೆದುಕೊಂಡವರಲ್ಲಿ ಅದು ನೂರಕ್ಕೆ 6.4. ಹೆಚ್ಚು ಕಡಿಮೆ ಅರ್ಧಕ್ಕರ್ಧ ಇಳಿಕೆ! ಒಂದು ಲೀಟರ್ ದಾಟುವ ತೀವ್ರ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಈ ಮಾತ್ರೆ ಕೊಟ್ಟರೆ ಅವರಲ್ಲಿ ಒಬ್ಬಳು ಅತಿ ರಕ್ತಸ್ರಾವದಿಂದ ಪಾರಾಗುತ್ತಾಳೆ ಎಂದು ಲೆಕ್ಕ ಸಿಕ್ಕಿತು. ತೊಂದರೆಯೆಂದರೆ ಸ್ವಲ್ಪ ಹೊತ್ತಿನ ನಡುಕ ಮತ್ತು ಜ್ವರ, ಅದೂ ತಾನಾಗಿ ಇಳಿಯುವಂಥದ್ದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಗತ್ಯ ಔಷಧಗಳ ತನ್ನ ಪಟ್ಟಿಯಲ್ಲಿ ಹೆರಿಗೆಯ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಸೇರಿಸಿತು.

ಇಲ್ಲಿ ಒಂದು ಎಚ್ಚರಿಕೆ. ಈ ಮಾತ್ರೆ ಮಗು ಹುಟ್ಟಿದ ನಂತರ ಮಾತ್ರ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಚಿತವಾದ ಮೇಲೆ, ಬಲ್ಲವರ ಕೈಯಿಂದ ಕೊಡಬೇಕಾದದ್ದು. ಮೊದಲೇ ಕೊಟ್ಟರೆ ಗರ್ಭಕೋಶವೇ ಒಡೆಯುವ ಅಪಾಯವಿದೆ. "ಲೇಖನದಲ್ಲಿ ಬಂದಿತ್ತು" ಎಂದು ಯಾರೂ ಔಷಧ ಅಂಗಡಿಗೆ ಓಡಬಾರದು.

"ನಮ್ಮ ಮೇಲೆ ಪ್ರಯೋಗ ಮಾಡ್ತಾರ"

ಈ ವಿಷಯವನ್ನು ನಾನು ಮೊಹಲ್ಲಾದ ಹೆಂಗಸರ ವಾರದ ಕೂಟದಲ್ಲಿ ಹೇಳಿದಾಗ ಒಬ್ಬ ಸಹೋದರಿ ಥಟ್ಟನೆ ಕೇಳಿದರು: "ಅರ್ಧ ಜನಕ್ಕ ಖಾಲಿ ಮಾತ್ರೆ ಕೊಟ್ರಲ್ಲ, ಅದು ಅನ್ಯಾಯ ಅಲ್ಲೇನು? ಬಡವರ ಮೇಲ ಪ್ರಯೋಗ ಮಾಡ್ತಾರ ಅಂತಾರಲ್ಲ, ಇದೇ ಏನು?"

ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕದೆ ಉತ್ತರಿಸಬೇಕು. ಆ ಕಾಲದಲ್ಲಿ ಹಳ್ಳಿಯ ಮನೆ ಹೆರಿಗೆಯಲ್ಲಿ ರಕ್ತಸ್ರಾವ ತಡೆಯಲು ಯಾವ ಔಷಧವನ್ನೂ ಕೊಡುವ ರೂಢಿಯಿರಲಿಲ್ಲ. ಹಾಗಾಗಿ ಖಾಲಿ ಮಾತ್ರೆ ಪಡೆದ ತಾಯಿಗೆ, ಇದ್ದ ಚಿಕಿತ್ಸೆಯನ್ನು ಕಿತ್ತುಕೊಂಡಂತಾಗಲಿಲ್ಲ. ನರ್ಸಮ್ಮನ ಆರೈಕೆ, ರಕ್ತದ ಅಳತೆ ಇಬ್ಬರಿಗೂ ಒಂದೇ. ಮಾತ್ರೆ ಒಳ್ಳೆಯದು ಎಂಬುದು ಆಗ ಊಹೆ ಮಾತ್ರ. ಊಹೆಯ ಮೇಲೆ ಲಕ್ಷಾಂತರ ತಾಯಂದಿರಿಗೆ ಔಷಧ ಕೊಡುವುದಕ್ಕಿಂತ, ಒಪ್ಪಿದ ಕೆಲವರಲ್ಲಿ ಪರೀಕ್ಷಿಸಿ ತಿಳಿಯುವುದು ಪ್ರಾಮಾಣಿಕ ದಾರಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಪರಿಚಯದವರಿಗೆ ಒಳ್ಳೆಯದು, ಬಡವರಿಗೆ ಖಾಲಿಯದು ಎಂಬ ಪಕ್ಷಪಾತಕ್ಕೆ ಅಲ್ಲಿ ದಾರಿಯಿಲ್ಲ.

ಆದರೂ ಆ ಸಹೋದರಿಯ ಸಂಶಯದಲ್ಲಿ ಒಂದು ಪಾಠವಿದೆ. ಸಂಶೋಧನೆಯಲ್ಲಿ ಸೇರಲು ಯಾರಾದರೂ ಕೇಳಿದರೆ "ಏನು, ಯಾಕೆ, ಅಪಾಯವೇನು, ನಡುವೆ ಬಿಡಬಹುದೇ" ಎಂದು ಕೇಳುವ ಹಕ್ಕು ನಮಗಿದೆ. ನಮ್ಮ ಭಾಷೆಯಲ್ಲಿ ವಿವರಿಸುವ ಕರ್ತವ್ಯ ಅವರಿಗಿದೆ. ಒಪ್ಪದಿದ್ದರೆ ಎಂದಿನ ಚಿಕಿತ್ಸೆಗೆ ಅಡ್ಡಿಯಾಗಬಾರದು. ಇದನ್ನು ತಿಳಿದವಳು ಹೆದರಿ ಓಡಬೇಕಿಲ್ಲ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಲೂಬೇಕಿಲ್ಲ. ನಾವು ಇಂದು ನುಂಗುವ ಒಂದೊಂದು ಮಾತ್ರೆಯ ಹಿಂದೆಯೂ ಹೀಗೆ ಒಪ್ಪಿಕೊಂಡ ಅಪರಿಚಿತರಿದ್ದಾರೆ. ಬೆಳಗಾವಿಯ ಆ 1,620 ತಾಯಂದಿರ ಹೆಸರು ನಮಗೆ ಗೊತ್ತಿಲ್ಲ. ಅವರಿಗಾಗಿ ಒಂದು ದುಆ ನಮ್ಮಿಂದ ಸಲ್ಲಬೇಕು.

ಬೆನ್ನಿಗೆ ಮಗು ಕಟ್ಟಿಕೊಂಡ ವಿಜ್ಞಾನಿ

ಬೆಳಗಾವಿಯಲ್ಲಿ ಪರೀಕ್ಷಿಸಿದ ಮಾತ್ರೆ ರಕ್ತಸ್ರಾವವನ್ನು ಮೊದಲೇ ತಡೆಯಲು. ಶುರುವಾದ ಮೇಲೆ ನಿಲ್ಲಿಸುವ ಔಷಧದ ಕಥೆ ಜಪಾನಿನದು. ಅಲ್ಲಿ ಉತಾಕೊ ಒಕಾಮೊಟೊ ಎಂಬ ಮಹಿಳಾ ವಿಜ್ಞಾನಿ ಇದ್ದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವರು, ಪತಿ ಶೊಸುಕೆ ಅವರೊಂದಿಗೆ 1962ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವನ್ನು ಜಗತ್ತಿಗೆ ತಿಳಿಸಿದರು. ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ಹಿಡಿದಿಡುವುದು ಅದರ ಕೆಲಸ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗೆ ಇದು ಸಿಗಲಿ ಎಂಬುದು ಅವರ ಆಸೆಯಾಗಿತ್ತು. ಆದರೆ ಅದನ್ನು ಪರೀಕ್ಷಿಸಲು ತಮ್ಮ ಊರಿನ ವೈದ್ಯರನ್ನು ಒಪ್ಪಿಸಲು ಅವರಿಂದ ಆಗಲಿಲ್ಲ.

ಅರ್ಧ ಶತಮಾನ ಕಳೆಯಿತು. ಕೊನೆಗೆ 21 ದೇಶಗಳ 20 ಸಾವಿರಕ್ಕೂ ಹೆಚ್ಚು ತಾಯಂದಿರಲ್ಲಿ ಪರೀಕ್ಷೆ ನಡೆದು 2017ರಲ್ಲಿ ಫಲ ಬಂತು. ರಕ್ತಸ್ರಾವದಿಂದಾಗುವ ಸಾವನ್ನು ಔಷಧ ಕಡಿಮೆ ಮಾಡುತ್ತದೆ, ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಇನ್ನೂ ಹೆಚ್ಚು ಪ್ರಯೋಜನ, ತಡವಾದರೆ ಉಪಯೋಗವಿಲ್ಲ ಎಂದು ಗೊತ್ತಾಯಿತು. ಆ ತಾಯಿ 2016ರಲ್ಲೇ, ತಮ್ಮ 98ನೇ ವಯಸ್ಸಿನಲ್ಲಿ, ಕಣ್ಣು ಮುಚ್ಚಿದ್ದರು. ಫಲಿತಾಂಶ ನೋಡುವ ಭಾಗ್ಯ ಅವರಿಗಿರಲಿಲ್ಲ.

2018ರಲ್ಲಿ ಇನ್ನೊಂದು ಸುದ್ದಿ ಬಂತು. ತಂಪು ಪೆಟ್ಟಿಗೆ ಬೇಡದ, ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಚುಚ್ಚುಮದ್ದು ಆಕ್ಸಿಟೋಸಿನ್‌ನಷ್ಟೇ ಕೆಲಸ ಮಾಡುತ್ತದೆ ಎಂದು ಹತ್ತು ದೇಶಗಳ ಸುಮಾರು 30 ಸಾವಿರ ತಾಯಂದಿರ ಪರೀಕ್ಷೆ ತೋರಿಸಿತು. ಭಾರತವೂ ಆ ಹತ್ತರಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಸುದ್ದಿ 2023ರ ಮೇ ತಿಂಗಳಲ್ಲಿ ಬಂತು. ಕೀನ್ಯಾ, ನೈಜೀರಿಯಾ, ಟಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಮೀರಿದ ಹೆರಿಗೆಗಳಲ್ಲಿ ಒಂದು ಪದ್ಧತಿಯನ್ನು ಪರೀಕ್ಷಿಸಿದರು. ಅದರಲ್ಲಿ ಹೊಸ ಔಷಧ ಒಂದೂ ಇರಲಿಲ್ಲ! ಅಳತೆಯ ಹಾಳೆ ಹಾಸುವುದು. ಗೆರೆ ಮುಟ್ಟಿದೊಡನೆ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಹರಿದಿದೆಯೇ ಎಂಬ ತಪಾಸಣೆ ಎಲ್ಲವನ್ನೂ ಒಂದರ ನಂತರ ಒಂದು ಕಾದು ನೋಡದೆ ಒಟ್ಟಿಗೆ ಮಾಡುವುದು. ಇಷ್ಟೇ. ಹಾಳೆಯಿದ್ದ ಕಡೆ ನೂರರಲ್ಲಿ 93 ಅತಿ ರಕ್ತಸ್ರಾವಗಳು ಗುರುತಿಗೆ ಸಿಕ್ಕವು. ಕಣ್ಣಳತೆಯ ಆಸ್ಪತ್ರೆಗಳಲ್ಲಿ ಸಿಕ್ಕದ್ದು 51 ಮಾತ್ರ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಈ ಮೂರೂ ಸೇರಿದ ಲೆಕ್ಕ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು.

2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಯನ್ನೇ ಬದಲಿಸಿತು. ಅರ್ಧ ಲೀಟರ್ ಆಗುವವರೆಗೆ ಕಾಯಬೇಡಿ, 300 ಮಿಲಿ ಲೀಟರ್ ಹೋಗಿ ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೆ ಆಗಲೇ ಚಿಕಿತ್ಸೆ ಶುರು ಮಾಡಿ, ಅಳತೆಯ ಹಾಳೆ ಬಳಸಿ ಎಂದಿತು. ಬೆಳಗಾವಿಯ ಹಳ್ಳಿಗಳಲ್ಲಿ ಹಾಸಿದ್ದ ಆ ಹಾಳೆಯ ದಾರಿ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ನಮ್ಮ ಮನೆಯೊಳಗೆ

"ಈಗ ಎಲ್ಲರೂ ಆಸ್ಪತ್ರೆಗೇ ಹೋಗ್ತಾರಲ್ಲ, ಇದೆಲ್ಲ ನಮಗ್ಯಾಕೆ?" ಎಂದು ನೀವು ಕೇಳಬಹುದು. ನಿಜ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಮೂರನೇ ಎರಡು ಭಾಗದಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಾಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ನೂರಕ್ಕೆ 97 ಆಯಿತು. 2008ರಿಂದ 108 ಆಂಬುಲೆನ್ಸ್ ಬಂತು. ಒಂದು ಲಕ್ಷ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ ರಾಜ್ಯದಲ್ಲಿ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಅಲ್‌ಹಮ್ದುಲಿಲ್ಲಾಹ್, ಇದು ಸಣ್ಣ ಸಾಧನೆಯಲ್ಲ.

ಆದರೆ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗಿನ ದಾರಿ ಮತ್ತು ಅಲ್ಲಿಂದ ಬಂದ ನಂತರದ ಬಾಣಂತನ ನಮ್ಮ ಕೈಯಲ್ಲಿದೆ. 2009ರಲ್ಲಿ, 2019ರಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿದಾಗ ರೋಣ, ನರಗುಂದ ತಾಲೂಕುಗಳ ಎಷ್ಟೋ ಊರುಗಳ ರಸ್ತೆ ಮುಳುಗಿದ್ದನ್ನು ನಾವು ನೋಡಿದ್ದೇವೆ. ದಿನ ತುಂಬಿದ ಹೆಣ್ಣುಮಗಳನ್ನು ಮಳೆಗಾಲದಲ್ಲಿ ಮೊದಲೇ ಪಟ್ಟಣದ ನೆಂಟರ ಮನೆಗೆ ಕಳಿಸುವುದು ಜಾಣತನ.

ಎಲ್ಲಕ್ಕಿಂತ ಮೊದಲು ರಕ್ತಹೀನತೆ. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆಯಿದೆ. ಇವರಿಗೆ ರಕ್ತಸ್ರಾವವಾಗುವ ಸಂಭವವೂ ಹೆಚ್ಚು, ಆದಾಗ ತಾಳಿಕೊಳ್ಳುವ ಶಕ್ತಿಯೂ ಕಡಿಮೆ. ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಝಾಂಬಿಯಾಗಳ ರಕ್ತಹೀನ ತಾಯಂದಿರಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು, ರಕ್ತಹೀನತೆ ತೀವ್ರವಾದಷ್ಟೂ ಸಾವಿನ ಅಪಾಯ ಹಲವು ಪಟ್ಟು ಏರುತ್ತದೆ ಎಂದು ತೋರಿಸಿದೆ. ಅಂದರೆ ಹೆರಿಗೆಯ ದಿನದ ಯುದ್ಧಕ್ಕೆ ಸಿದ್ಧತೆ ಆರು ತಿಂಗಳು ಮೊದಲೇ, ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಶುರುವಾಗುತ್ತದೆ. ಗರ್ಭಿಣಿಗೆ 180, ಬಾಣಂತಿಗೆ 180 ಮಾತ್ರೆ ಸರಕಾರವೇ ಉಚಿತವಾಗಿ ಕೊಡುತ್ತದೆ. ಎಷ್ಟು ಮನೆಗಳಲ್ಲಿ ಅವು ಕಪಾಟಿನ ಮೂಲೆಯಲ್ಲಿ ಬಿದ್ದಿವೆ! ಮಲ ಕಪ್ಪಾಗುವುದಕ್ಕೆ ಹೆದರಬೇಡಿ. ಚಹಾದ ಜೊತೆ ನುಂಗಬೇಡಿ, ಚಹಾ ಆ ಸತ್ವವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಊಟದಲ್ಲಿ ನಿಂಬೆಹುಳಿ ಇದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಇಟ್ಟುಕೊಳ್ಳಿ. ರಮಝಾನ್‌ನಲ್ಲಿ ತಾಯಿಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಉಪವಾಸವನ್ನು ಮುಂದೂಡಿ ನಂತರ ಪೂರೈಸುವ ರಿಯಾಯಿತಿ ಶರೀಅತ್‌ನಲ್ಲಿದೆ. ಆ ರಿಯಾಯಿತಿಯನ್ನು ಕೊಟ್ಟವನು ಅಲ್ಲಾಹನೇ. ಅತ್ತೆಯ ಮುಖ ನೋಡಿ ಅದನ್ನು ಬಿಡುವುದು ಯಾವ ತಕ್ವಾ?

ನಿಫಾಸ್‌ನ ಲೆಕ್ಕ ಬೇರೆ, ಅಪಾಯದ ಲೆಕ್ಕ ಬೇರೆ

ಮದ್ರಸದಲ್ಲಿ ಹುಡುಗಿಯರಿಗೆ ಪಾಠ ಹೇಳುವವಳಾಗಿ ಇದನ್ನು ನಾನು ಹೇಳಲೇಬೇಕು. ಹೆರಿಗೆಯ ನಂತರದ ರಕ್ತಕ್ಕೆ ಫಿಕ್ಹ್‌ನಲ್ಲಿ ನಿಫಾಸ್ ಎನ್ನುತ್ತೇವೆ. ಅದರ ಗರಿಷ್ಠ ಅವಧಿ ಹನಫಿ ಮದ್‌ಹಬ್‌ನಲ್ಲಿ 40 ದಿನ, ಶಾಫಿಈಯಲ್ಲಿ 60 ದಿನ. ಇದನ್ನು ಕಲಿತ ನಮ್ಮ ಹೆಂಗಸರು ಒಂದು ತಪ್ಪು ತಿಳಿದುಕೊಂಡಿದ್ದಾರೆ. ನಲವತ್ತು ದಿನದೊಳಗೆ ಎಷ್ಟು ರಕ್ತ ಹೋದರೂ ಅದು ನಿಫಾಸ್, ಸಹಜ, ಹೇಳಿಕೊಳ್ಳುವಂಥದ್ದೇನಿಲ್ಲ ಎಂದು. ಹಾಗಲ್ಲ ಸಹೋದರಿ! ನಿಫಾಸ್‌ನ ಲೆಕ್ಕ ನಮಾಝ್ ಮತ್ತು ಉಪವಾಸಕ್ಕೆ ಸಂಬಂಧಿಸಿದ್ದು. ಆ ಲೆಕ್ಕ ದಿನಗಳನ್ನು ಎಣಿಸುತ್ತದೆ, ರಕ್ತದ ಪ್ರಮಾಣವನ್ನು ಅಳೆಯುವುದಿಲ್ಲ. ಹತ್ತನೇ ದಿನ ಧಾರೆಯಾಗಿ ಹರಿಯುವ ರಕ್ತ ಫಿಕ್ಹ್‌ನಲ್ಲಿ ನಿಫಾಸ್ ಆಗಿರಬಹುದು, ವೈದ್ಯರ ದೃಷ್ಟಿಯಲ್ಲಿ ಅದು ಆಪತ್ತು. ಎರಡೂ ಮಾತು ಸರಿ.

ಹಯಾ ನಮ್ಮ ಅಲಂಕಾರ. ಆದರೆ ಹಯಾದ ಹೆಸರಿನಲ್ಲಿ ರಕ್ತದ ಮಾತನ್ನು ಗಂಡನಿಗೂ ಹೇಳದೆ, "ಗಂಡಸು ಡಾಕ್ಟರ್ ಇದ್ದಾರೆ" ಎಂದು ಅರ್ಧ ಗಂಟೆ ಕಾಯುತ್ತ ಕೂರುವುದು ಧರ್ಮ ಕಲಿಸಿದ್ದಲ್ಲ. ಅನಿವಾರ್ಯವಾದಾಗ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಬಹುದು ಎಂಬುದರಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿಲ್ಲ.

ನೆನಪಿಡಬೇಕಾದದ್ದು

ಹೆರಿಗೆಗೆ ಹೋಗುವ ಮೊದಲು: ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ಒಂದೇ ಕಡೆ ಇರಲಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ, ತಪ್ಪಿಸಬೇಡಿ. ಹಿಮೋಗ್ಲೋಬಿನ್ ಎಷ್ಟು ಎಂದು ನೀವೇ ಕೇಳಿ ತಿಳಿಯಿರಿ. 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಮನೆಯ ಇಬ್ಬರು ಗಂಡಸರು ರಕ್ತ ಕೊಡಲು ಸಿದ್ಧರಿರಲಿ. ಒಂದು ಸಲಕ್ಕೆ ತೆಗೆಯುವುದು ಸುಮಾರು 350 ಮಿಲಿ ಲೀಟರ್, ಅದರಿಂದ ಆರೋಗ್ಯವಂತ ಗಂಡಸು ದುರ್ಬಲನಾಗುವುದಿಲ್ಲ.

ಹೆರಿಗೆಯಾದ ಕೂಡಲೇ: ಗರ್ಭಕೋಶ ಬಿಗಿಯುವ ಚುಚ್ಚುಮದ್ದು ಕೊಟ್ಟರೇ ಎಂದು ವಿನಯದಿಂದ ಕೇಳಿ. ಮಗುವನ್ನು ಬೇಗ ಎದೆಗೆ ಹಾಕಿ. ಮಗು ಚೀಪುವಾಗ ತಾಯಿಯ ದೇಹದಲ್ಲಿಯೇ ಆಕ್ಸಿಟೋಸಿನ್ ಊರುತ್ತದೆ, ಗರ್ಭಕೋಶ ಬಿಗಿಯುತ್ತದೆ. ಎದೆಯ ಮೇಲಿರುವ ಮಗುವಿನ ಕಿವಿಯಲ್ಲೂ ಅಝಾನ್ ಹೇಳಬಹುದಲ್ಲವೇ? ತಾಯಿ ಮೂತ್ರ ಮಾಡುವಂತೆ ನೋಡಿಕೊಳ್ಳಿ, ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಗೊಡುವುದಿಲ್ಲ. ಮೊದಲ ಎರಡು ಗಂಟೆ ಒಬ್ಬರು ತಾಯಿಯ ಪಕ್ಕದಲ್ಲೇ ಇರಲಿ. ಎಲ್ಲರೂ ಮಗುವಿನ ಸುತ್ತ ಸೇರಿ ತಾಯಿಯನ್ನು ಒಬ್ಬಂಟಿ ಬಿಡಬೇಡಿ.

ಮನೆಗೆ ಬಂದ ಮೇಲೆ: ಒಂದು ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಿದ್ದರೆ, ತಲೆ ಸುತ್ತಿದರೆ, ತಣ್ಣನೆಯ ಬೆವರು, ವಿಪರೀತ ಬಾಯಾರಿಕೆ, ಎದೆ ಬಡಿತ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಮನೆಯ ಯಜಮಾನ ಹೊಲದಿಂದ ಬರಲಿ ಎಂದು ದಾರಿ ನೋಡಬೇಡಿ. ಅಂಥ ಹೊತ್ತಿನಲ್ಲಿ ತೀರ್ಮಾನ ಮಾಡುವ ಅಧಿಕಾರ ಮನೆಯಲ್ಲಿರುವ ಹೆಂಗಸರಿಗಿದೆ ಎಂದು ಗಂಡಸರು ಮೊದಲೇ ಹೇಳಿಟ್ಟಿರಲಿ.

ಖಾಲಾ ತೀರಿಕೊಂಡ ದಿನ ಹುಟ್ಟಿದ ಆ ಹೆಣ್ಣು ಮಗುವನ್ನು ನಾನಿ ಸಾಕಿದರು. ಅವಳು ಈಗ ಎರಡು ಮಕ್ಕಳ ತಾಯಿ. ಅವಳ ಎರಡನೇ ಹೆರಿಗೆಯಲ್ಲಿ ರಾತ್ರಿಯೆಲ್ಲ ನಾನೇ ಪಕ್ಕದಲ್ಲಿದ್ದೆ. ಮಗು ಹುಟ್ಟಿ ಸ್ವಲ್ಪ ಹೊತ್ತಿಗೆ ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಇನ್ನೊಬ್ಬರನ್ನು ಕೂಗಿ ಕರೆದರು. ಸಲೈನ್ ಹಾಕಿದರು, ಒಂದರ ಹಿಂದೊಂದು ಚುಚ್ಚುಮದ್ದು ಕೊಟ್ಟರು, ಗರ್ಭಕೋಶ ಉಜ್ಜಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಹಿಡಿತಕ್ಕೆ ಬಂತು. ನಾನು ಹೊರಗೆ ಬಂದು ನಾನಿಗೆ ಫೋನ್ ಮಾಡಿದೆ. ನಾನಿ ಮಗು ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. "ರಕ್ತ ನಿಂತಿತೇ?" ಎಂದರು.

ನಿಂತಿತು ಎಂದೆ.